ಏಳನೇ ಡೇರೆಯಲ್ಲಿ ಯಾರೂ ಇಲ್ಲ

ಬೆಳಗಿನ ಆರು ಗಂಟೆ. ಪೀಣ್ಯ ಎರಡನೇ ಹಂತದ ಈ ಓಣಿಯಲ್ಲಿ ಲೇತ್‌ಗಳು ಇನ್ನೂ ಎದ್ದಿಲ್ಲ. ಕಬ್ಬಿಣದ ಪುಡಿ, ಕೂಲಂಟ್ ಎಣ್ಣೆಯ ವಾಸನೆ ಮಾತ್ರ ಎಚ್ಚರವಾಗಿದೆ. ಅರ್ಧ ಎತ್ತಿದ ಒಂದು ಶಟರ್‌ನ ಕೆಳಗಿಂದ ನೀಲಿ, ಕೆಂಪು, ಅರಿಶಿನ ಬಣ್ಣದ ಬೆಳಕು ರಸ್ತೆಗೆ ಹರಿದು ಬಂದು, ನಿನ್ನೆಯ ನೀರು ನಿಂತ ಗುಂಡಿಯಲ್ಲಿ ನಡುಗುತ್ತಿದೆ. ಬಗ್ಗಿ ಒಳಗೆ ಹೋಗುತ್ತೇನೆ. ಒಬ್ಬ ಹೆಂಗಸು ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಾಜು ಹೊದಿಸಿದ ಇಳಿಜಾರು ಮೇಜಿನ ಮುಂದೆ ನಿಂತಿದ್ದಾರೆ. ಗಾಜಿನ ಕೆಳಗೆ ಗೋಲಿಗಿಂತ ತುಸು ದೊಡ್ಡದಾದ ಉಕ್ಕಿನ ಚೆಂಡು ಓಡುತ್ತಿದೆ. ಅದು ಕೆಳಗಿನ ತೂತಿಗೆ ಬೀಳದಂತೆ ಮೇಜಿನ ಎರಡೂ ಬದಿಯ ಒತ್ತುಗುಂಡಿಗಳನ್ನು ಒತ್ತಿ, ಫ್ಲಿಪ್ಪರ್ ಎಂಬ ಎರಡು ಪುಟ್ಟ ಕೈಗಳಿಂದ ಮತ್ತೆ ಮತ್ತೆ ಮೇಲಕ್ಕೆ ಹೊಡೆಯಬೇಕು. ಆಟ ಅಂದರೆ ಇಷ್ಟೇ. ಹೆಸರು ಪಿನ್‌ಬಾಲ್.

"ಅಕ್ಕಾರ, ಅಲ್ಲೇ ಸ್ಟೂಲಿನ ಮ್ಯಾಲ ಕುಂದರ್ರಿ. ಐದನೇ ಡೇರೆಯೊಳಗ ಅದೀನಿ," ಎನ್ನುತ್ತಾರೆ ದಾನೇಶ್ವರಿ, ತಲೆ ಎತ್ತದೆ.

ಈ ಯಂತ್ರದ ಹೆಸರು 'ಸೆವೆನ್ ಟೆಂಟ್ಸ್'. ಎದುರಿನ ಎತ್ತರದ ಹಲಗೆಯ ತುಂಬ ಸರ್ಕಸ್ಸಿನ ಚಿತ್ರ, ನಡುವೆ ಒಂದು ಪರದೆ. ಚೆಂಡನ್ನು ಸರಿಯಾದ ದಾರಿಗಳಲ್ಲಿ ಅಷ್ಟಷ್ಟು ಸಲ ಏರಿಸಿದರೆ ಒಂದೊಂದೇ ಡೇರೆಯ ಬಾಗಿಲು ತೆರೆಯುತ್ತದೆ, ಪರದೆಯ ಮೇಲೆ ಆ ಡೇರೆಯ ಆಟ ಕಾಣುತ್ತದೆ. ಒಂದರಲ್ಲಿ ಕುದುರೆ, ಇನ್ನೊಂದರಲ್ಲಿ ಬೆಂಕಿ ನುಂಗುವವನು. ನಾನು ಕೂತು ಇಪ್ಪತ್ತು ನಿಮಿಷವಾಗುತ್ತದೆ. ನಿದ್ದೆ ಸಾಲದ ಕಣ್ಣಿಗೆ ಆ ದೀಪಗಳು ಒಂದರೊಳಗೊಂದು ಕರಗುತ್ತಿವೆ. ಶೆಡ್ಡಿನ ತಗಡಿನ ಮಾಡು ಮೇಲೆಲ್ಲೋ ತೇಲಿ ಹೋದಂತೆ ಅನ್ನಿಸುತ್ತದೆ. ಅಷ್ಟರಲ್ಲಿ ಕಹಳೆ ಮೊಳಗುತ್ತದೆ. ಏಳನೇ ಡೇರೆಯ ಕೆಂಪು ತೆರೆ ಎರಡು ಭಾಗವಾಗಿ ಸರಿಯುತ್ತದೆ. ಸಾವಿರಾರು ಜನ ಚಪ್ಪಾಳೆ ತಟ್ಟುತ್ತಾರೆ. ದುಂಡನೆಯ ಕಣ, ಅದರ ಮೇಲೆ ಬೆಳದಿಂಗಳಂಥ ಬೆಳಕು. ಆ ಬೆಳಕಿನಲ್ಲಿ ಯಾರೂ ಇಲ್ಲ.

ಚಪ್ಪಾಳೆ ಹನ್ನೆರಡು ಸೆಕೆಂಡು ನಡೆಯುತ್ತದೆ. ತೆರೆ ಮುಚ್ಚುತ್ತದೆ. ಏನೂ ಆಗಿಲ್ಲವೇನೋ ಎಂಬಂತೆ ಯಂತ್ರ ಅಷ್ಟು ಹೊತ್ತು ಒಳಗೆ ಹಿಡಿದಿಟ್ಟಿದ್ದ ಚೆಂಡನ್ನು ಹೊರಗೆ ಬಿಡುತ್ತದೆ.

"ನೋಡಿದ್ರೆಲ್ಲ? ಯಾರೂ ಬರಂಗಿಲ್ಲ," ಎಂದು ದಾನೇಶ್ವರಿ ನೋಟುಪುಸ್ತಕ ತೆರೆದು ತಾರೀಕು, ಹೊತ್ತು ಬರೆಯುತ್ತಾರೆ. ಮುಂದೆ ದುಂಡಗಿನ ಅಕ್ಷರದಲ್ಲಿ: 'ಏಳನೇ ಡೇರೆ. ಯಾರೂ ಇಲ್ಲ.' ಹಾಗೆ ಬರೆಯುತ್ತಿರುವುದು ಇದು ಹದಿನೇಳನೇ ಸಲ. ಇದು ಕಳೆದ ಡಿಸೆಂಬರ್‌ನ ಮಾತು.

ದಾನೇಶ್ವರಿಗೆ ಈಗ ನಲವತ್ತೊಂದು. ಕೊಪ್ಪಳ ಜಿಲ್ಲೆಯ ಕುಷ್ಟಗಿ ಸೀಮೆಯವರು. ಮನೆ ಬಾಗಲಗುಂಟೆಯಲ್ಲಿ, ಒಂದು ಕೋಣೆ, ಒಂದು ಬಚ್ಚಲು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ, ಮಗಳು ಪಿಯುಸಿ ಓದುತ್ತಿದ್ದಾಳೆ. ಇವರು ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್‌ನಲ್ಲಿದ್ದರು. ಹೊಲಿದು ಬಂದ ಅಂಗಿಯನ್ನು ತಿರುವಿ ಹಾಕಿ, ಬಿಟ್ಟುಹೋದ ಹೊಲಿಗೆ, ಸೊಟ್ಟ ಕಾಲರ್, ಎಣ್ಣೆ ಕಲೆ ಎಲ್ಲವನ್ನೂ ಹುಡುಕಿ, ದೋಷ ಇದ್ದಲ್ಲಿ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸುವ ಕೆಲಸ. ದಿನಕ್ಕೆ ಒಂಬೈನೂರು ಅಂಗಿ. ಫ್ಯಾಕ್ಟರಿ ಬೇರೆ ಊರಿಗೆ ಎದ್ದು ಹೋದಾಗ ಇವರ ಕೈಯಲ್ಲಿ ಉಳಿದದ್ದು ಆ ಸ್ಟಿಕ್ಕರಿನ ಎರಡು ಹಾಳೆ ಮಾತ್ರ.

ಶ್ರೀಧರ್ ಅವರ ಈ ಶೆಡ್ಡಿಗೆ ಬಂದದ್ದು ಕಸ ಗುಡಿಸಿ ಗಾಜು ಒರೆಸಲು. ಶ್ರೀಧರ್ ಹೊರದೇಶದಿಂದ ಪಿನ್‌ಬಾಲ್ ಯಂತ್ರಗಳನ್ನು ತರಿಸಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಮನೆಗಳಿಗೆ, ಕಚೇರಿಗಳಿಗೆ ಮಾರುತ್ತಾರೆ, ರಿಪೇರಿಯನ್ನೂ ಮಾಡುತ್ತಾರೆ. ಐದು ವರ್ಷದ ಹಿಂದೆ ಒಂದು ಬೆಳಗ್ಗೆ ಅವರು ಬಂದು ನೋಡಿದರೆ, ಬೇರೊಂದು ಯಂತ್ರದ ಪರದೆಯ ಮೇಲೆ ಕೆಂಪು ಬಾಣ ಅಂಟಿದೆ.

"ನಾನು ಏನ್ರೀ ಇದು, ಯಾರು ಅಂಟಿಸಿದ್ದು ಅಂತ ರೇಗಿಬಿಟ್ಟೆ ಮೇಡಂ," ಎನ್ನುತ್ತಾರೆ ಶ್ರೀಧರ್. "ಇವರು ಬಂದು, ಕೋಡಂಗಿ ನಗೋ ಸದ್ದು ಬರ್ತೈತಿ, ಬಾಯಿ ಮಾತ್ರ ಮುಚ್ಚೇ ಐತಿ ಅಂದ್ರು. ನೋಡಿದ್ರೆ ನಿಜ! ಆರು ತಿಂಗಳಿಂದ ಮಾರ್ತಾ ಇದೀನಿ, ನಂಗೇ ಕಂಡಿರ್ಲಿಲ್ಲ. ಅವತ್ತೇ ಪೊರಕೆ ಬಿಡ್ಸಿ ಚೆಕಿಂಗಿಗೆ ಹಾಕ್ಕೊಂಡೆ."

ಅಂದಿನಿಂದ ಶೆಡ್ಡಿಗೆ ಬರುವ ಪ್ರತಿ ಯಂತ್ರದಲ್ಲಿ ಇವರು ನೂರು ಚೆಂಡು ಆಡುತ್ತಾರೆ. ವಾರಕ್ಕೆ ಎರಡು ಯಂತ್ರ. ಒಂಬತ್ತು ಗಂಟೆಗೆ ಅಕ್ಕಪಕ್ಕದ ಲೇತ್‌ಗಳು ಶುರುವಾದರೆ ನೆಲ ನಡುಗುತ್ತದೆ, ಚೆಂಡಿನ ದಾರಿ ಕೂದಲೆಳೆಯಷ್ಟು ತಪ್ಪುತ್ತದೆ. ಅದಕ್ಕೇ ಬೆಳಗಿನ ಆರರಿಂದ ಒಂಬತ್ತರವರೆಗೆ ಆಟ, ಆಮೇಲೆ ಬೆಸುಗೆ, ಬಲ್ಬು, ರಬ್ಬರಿನ ಕೆಲಸ. ಬಲಗೈ ಮಣಿಕಟ್ಟು ಊದಿಕೊಂಡಿದೆ. ಬಟ್ಟೆಯ ಪಟ್ಟಿ ಸುತ್ತಿಕೊಂಡೇ ಆಡುತ್ತಾರೆ. "ಅಂಗೀನೂ ಒಳಮಗ್ಗಲಾ ನೋಡ್ಬೇಕ್ರಿ, ಇದನ್ನೂ ಒಳಮಗ್ಗಲಾ ನೋಡ್ಬೇಕು. ಹೊರಗಿಂದ ಎಲ್ಲಾ ಚಂದನ ಇರ್ತೈತಿ," ಎನ್ನುವುದು ಇವರ ಲೆಕ್ಕ.

ನಾನೂ ಒಂದು ಕೈ ನೋಡಿದೆ. ನನ್ನ ಚೆಂಡು ಹನ್ನೊಂದು ಸೆಕೆಂಡಿನಲ್ಲಿ ಮನೆ ಸೇರಿತು. ದಾನೇಶ್ವರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಸಿಟ್ಟು ಮಾಡಿಕೊಳ್ಳಲಿಲ್ಲ ಅಂದರೆ ಸುಳ್ಳಾಗುತ್ತದೆ.

ನೋಟುಪುಸ್ತಕಗಳು ಐದಾಗಿವೆ. ಓದುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 'ಮೂರನೇ ಡೇರೆ: ಆನಿ ಕೂಗತೈತಿ, ಆನಿ ಕಾಣಂಗಿಲ್ಲ.' 'ನಾಕನೇ ಡೇರೆ: ಹಾಡು ಅರ್ಧಕ್ಕ ನಿಂತು ಮತ್ತ ಮೊದಲಿಂದ.' 'ಎರಡನೇ ಡೇರೆ: ಕುದುರಿ ನಿಂತೈತಿ, ಕಾಲು ಓಡತಾವ.' ಸರ್ಕಸ್ಸಿನ ಕನಸೊಂದನ್ನು ಯಾರೋ ಅರೆನಿದ್ದೆಯಲ್ಲಿ ಹೇಳಿದ ಹಾಗಿದೆ. ಶ್ರೀಧರ್ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಯಂತ್ರ ಮಾಡುವ ಕಂಪನಿಗೆ ಕಳಿಸುತ್ತಾರೆ. 'ಸೆವೆನ್ ಟೆಂಟ್ಸ್' ಒಂದರಲ್ಲೇ ದಾನೇಶ್ವರಿ ಹಿಡಿದ ತಪ್ಪು ಇನ್ನೂರ ಹದಿನಾಲ್ಕು. ಕಂಪನಿ ಸರಿಮಾಡಿದ್ದು ಅರವತ್ತೊಂದು.

ಇಷ್ಟೊಂದು ತಪ್ಪು ಯಾಕೆ? ಉತ್ತರ ಸರಳ, ಕೇಳಿದರೆ ಮೈ ಉರಿಯುತ್ತದೆ. ಈಗೀಗ ಹೊಸ ಯಂತ್ರಗಳಲ್ಲಿ ಪೆಟ್ಟಿಗೆ ಮೊದಲು ಬರುತ್ತದೆ, ಆಟ ಆಮೇಲೆ ಬರುತ್ತದೆ. ಮರ, ಗಾಜು, ದೀಪ, ಚಿತ್ರ ಎಲ್ಲ ಸಿದ್ಧ. ಒಳಗಿನ ಸಾಫ್ಟ್‌ವೇರ್ ಮಾತ್ರ ಅರ್ಧ. ಉಳಿದದ್ದನ್ನು ಅಪ್‌ಡೇಟ್‌ನಲ್ಲಿ ಕೊಡುತ್ತೇವೆ ಎನ್ನುತ್ತಾರೆ. ಬೆಲೆ ಮಾತ್ರ ಮೊದಲ ದಿನವೇ ಪೂರ್ತಿ, ಒಂದು ಸಣ್ಣ ಕಾರಿನಷ್ಟು.

"ನಾನೂ ಸಾಫ್ಟ್‌ವೇರ್‌ನವಳೇ. ಬಗ್ ಇರತ್ತೆ, ಒಪ್ಕೋತೀನಿ," ಎನ್ನುತ್ತಾರೆ ಬ್ರೂಕ್‌ಫೀಲ್ಡ್‌ನ ನಿವೇದಿತಾ. ಇವರು ಒಂದೂವರೆ ವರ್ಷದ ಹಿಂದೆ ಈ ಯಂತ್ರ ಕೊಂಡವರು. "ಆದ್ರೆ ಮುಗ್ಸಿಲ್ಲ ಅಂತ ಹೇಳ್ಬೇಕಲ್ವಾ? ಜಾಹೀರಾತಲ್ಲಿ ಏಳು ಟೆಂಟ್ ಕಂಪ್ಲೀಟ್ ಅಂತ ಹಾಕಿದಾರೆ. ಚಿಕ್ಕೋಳಿದ್ದಾಗಿಂದ ಆಸೆ ಇತ್ತು ನಂಗೆ. ಬಾಕ್ಸ್ ಬಿಚ್ಚಿದ ದಿನ ಅಪ್ಪನ್ನ ಕೂರಿಸ್ಕೊಂಡು ಆಡಿದ್ರೆ, ಆನೆ ಡೇರೇಲಿ ಆನೆನೇ ಇಲ್ಲ ಕಣ್ರೀ. ಅಳು ಬಂದ್ಬಿಡ್ತು."

ಹನ್ನೆರಡು 'ಸೆವೆನ್ ಟೆಂಟ್ಸ್' ಬಂದಿದ್ದವು. ಹನ್ನೊಂದು ಮನೆಗಳಿಗೆ ಹೋದವು, ಒಂದು ಮಾದರಿಯಾಗಿ ಶೆಡ್ಡಿನಲ್ಲೇ ಉಳಿಯಿತು. ಆ ಹನ್ನೊಂದು ಮನೆಯವರೂ ಸೇರಿ ಶ್ರೀಧರ್ ಮೂಲಕ ಕಂಪನಿಗೆ ಬರೆದರು: ಆಟ ಮುಗಿಸಿ ಕೊಡಿ, ಇಲ್ಲವೇ ಯಂತ್ರ ವಾಪಸ್ ತೆಗೆದುಕೊಳ್ಳಿ. ಆದರೆ ಏಳನೇ ಡೇರೆ ಖಾಲಿ ಎಂದು ಕಣ್ಣಾರೆ ಕಂಡವರು ಒಬ್ಬರೇ. ಅಲ್ಲಿಯವರೆಗೆ ಹೋಗುವಷ್ಟು ಆಡಬಲ್ಲವರು ಮನೆಗಳಲ್ಲಿ ಯಾರೂ ಇರಲಿಲ್ಲ. ನಿವೇದಿತಾ ಮೂರನೇ ಡೇರೆ ದಾಟಿದವರಲ್ಲ. ಹನ್ನೊಂದು ಮನೆಯ ದೂರು ದಾನೇಶ್ವರಿಯ ಒಂದು ಮಾತಿನ ಮೇಲೆ ನಿಂತಿತ್ತು.

ಆ ಮಾತಿಗೇ ಬೂದಿ ಬಿತ್ತು. ನಿಜವಾದ ಬೂದಿಯೇ.

ಗಾರ್ಮೆಂಟ್ಸ್‌ನಲ್ಲಿ ಆಯುಧಪೂಜೆಯ ದಿನ ಪ್ರತಿಯೊಬ್ಬರೂ ತಮ್ಮ ಹೊಲಿಗೆ ಯಂತ್ರದ ಸೂಜಿಯ ಬುಡಕ್ಕೆ ವಿಭೂತಿ ಹಚ್ಚುತ್ತಾರೆ. ಹೂವು, ಕುಂಕುಮ ಎಲ್ಲಿಗಾದರೂ ಸರಿ, ವಿಭೂತಿ ಮಾತ್ರ ಸೂಜಿಗೆ. ಯಂತ್ರದ ಜೀವ ಅಲ್ಲಿರುತ್ತದೆ ಎಂಬ ನಂಬಿಕೆ. ಕಳೆದ ಆಯುಧಪೂಜೆಗೆ ದಾನೇಶ್ವರಿ ಈ ಯಂತ್ರದ ಸೂಜಿ ಯಾವುದು ಎಂದು ಬಹಳ ಹೊತ್ತು ಯೋಚಿಸಿದರು. ಏಳನೇ ಡೇರೆಯ ದಾರಿಯ ಬಾಯಿಯೇ ಎಂದು ತೀರ್ಮಾನಿಸಿ, ಗಾಜು ಎತ್ತಿ, ಅಲ್ಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಅಲ್ಲೇ ಕೆಳಗೆ ಚೆಂಡು ಹಾದುಹೋದದ್ದನ್ನು ಎಣಿಸುವ ಬೆಳಕಿನ ಕಣ್ಣೊಂದಿದೆ. ಪುಡಿ ಉದುರಿ ಕಣ್ಣು ಮುಚ್ಚಿತು. ಎರಡು ದಿನ ಯಂತ್ರಕ್ಕೆ ಚೆಂಡೇ ಕಾಣಲಿಲ್ಲ.

ಹುಡುಕಿದ್ದೂ ಇವರೇ, ಹತ್ತಿಯಿಂದ ಒರೆಸಿದ್ದೂ ಇವರೇ. ಅಷ್ಟಕ್ಕೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಚೆಕಿಂಗ್ ಟೇಬಲ್‌ನಲ್ಲಿ ಬೆಳೆದ ಜೀವ ಇದು. ನೋಟುಪುಸ್ತಕದಲ್ಲಿ ಬರೆದರು: 'ಏಳನೇ ದಾರಿಯ ಕಣ್ಣಿಗೆ ಈಬತ್ತಿ ಬಿದ್ದಿತ್ತು. ಇದು ಯಂತ್ರದ್ದಲ್ಲ, ನನ್ನ ತಪ್ಪು.'

"ನಾನಾಗಿದ್ರೆ ಆ ಸಾಲು ಬಿಟ್ಬಿಡ್ತಿದ್ದೆ ಮೇಡಂ," ಶ್ರೀಧರ್ ಹಣೆ ಚಚ್ಚಿಕೊಳ್ಳುತ್ತಾರೆ. "ಇವರು ಬರ್ದಿದಾರಲ್ಲ ಅಂತ ಎಲ್ಲಾದರ ಜೊತೆ ಅದನ್ನೂ ಟೈಪ್ ಮಾಡಿ ಕಳಿಸ್ದೆ. ಇನ್ನೂರ ಹದಿನಾಲ್ಕು ಕಂಪ್ಲೇಂಟ್ ಜೊತೆ ಹೋಗಿದ್ದು ಇದೊಂದೇ ಸಾಲು. ಅವರು ಓದಿದ್ದು ಇದೊಂದನ್ನೇ!"

ಕಂಪನಿಯ ಉತ್ತರ ನವೆಂಬರ್‌ನಲ್ಲಿ ಬಂತು. ಯಂತ್ರದೊಳಗೆ ಪುಡಿ ಹಾಕಲಾಗಿದೆ, ಏಳನೇ ಡೇರೆ ಖಾಲಿ ಕಾಣಲು ಅದೇ ಕಾರಣ, ತಮ್ಮ ಬಳಿ ಹಾಗೆ ಕಂಡಿಲ್ಲ, ಯಂತ್ರಗಳನ್ನು ಹೀಗೆ ನೋಡಿಕೊಳ್ಳುವವರ ದೂರನ್ನು ಪರಿಗಣಿಸಲಾಗದು. ಹನ್ನೊಂದು ಮನೆಯ ಅರ್ಜಿಯೂ ಅದರೊಂದಿಗೆ ಬಿದ್ದುಹೋಯಿತು. ಎಲೆಕ್ಟ್ರಾನಿಕ್ ಸಿಟಿಯ ಒಬ್ಬರು ಬೇಸತ್ತು ಯಂತ್ರವನ್ನು ಬಂದಷ್ಟಕ್ಕೆ ಮಾರಿಬಿಟ್ಟರು.

"ಅವತ್ತ ಬುತ್ತಿ ರೊಟ್ಟಿ ಹಂಗ ವಾಪಸ್ ಮನೀಗಿ ಒಯ್ದೆರಿ," ಎನ್ನುತ್ತಾರೆ ದಾನೇಶ್ವರಿ. "ಹನ್ನೊಂದ್ ಮಂದಿ ಆಸೆಕ್ಕ ನಾ ಕಲ್ಲು ಹಾಕಿದಂಗಾತು. ನಿದ್ದಿಯೊಳಗೂ ಚೆಂಡು ಉಳ್ಳತಿತ್ತು. ನಮ್ಮ ಬಾಗಲಗುಂಟಿ ಗಲ್ಲಿಯೊಳಗ, ಮೆಟ್ಟಿಲ ಮ್ಯಾಲ, ನೀರಿನ ಟಾಕಿ ಸುತ್ತ. ಅದರ ಹಿಂದ ನಾ. ಸಿಗತಿದ್ದಿಲ್ಲ."

ಆದರೆ ಕನಸಿನಿಂದ ಎದ್ದವರು ಒಂದು ದಾರಿ ಹುಡುಕಿಕೊಂಡಿದ್ದರು. ವಿಭೂತಿ ಸೋಕದ ಯಂತ್ರ ಬೇಕು, ಅದರಲ್ಲೂ ಏಳನೇ ಡೇರೆ ಖಾಲಿ ಇರಬೇಕು, ಅದನ್ನು ಎಲ್ಲರೂ ನೋಡಬೇಕು. ನಿವೇದಿತಾ ಅವರ ಯಂತ್ರ ಆಯುಧಪೂಜೆಗೆ ಮೊದಲೇ ಶೆಡ್ಡು ಬಿಟ್ಟಿತ್ತು. ಜನವರಿಯಿಂದ ಭಾನುವಾರ ಬೆಳಗ್ಗೆ ದಾನೇಶ್ವರಿ ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕುಂದಲಹಳ್ಳಿಯಲ್ಲಿ ಇಳಿಯತೊಡಗಿದರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ತೊಡೆಯ ಮೇಲೆ ಎರಡು ಬೆರಳು ಆಡಿಸುತ್ತ ಕೂತಿರುತ್ತಿದ್ದರಂತೆ. ಪಕ್ಕದಲ್ಲಿ ಕೂತವರು ಜಪ ಅಂದುಕೊಂಡಿರಬೇಕು.

ನಿವೇದಿತಾ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಮೊದಲು ಬೆಳಕಿನ ಕಣ್ಣು ಶುಭ್ರವಾಗಿದೆ ಎಂದು ತೋರಿಸಿ, ಗಾಜು ಮುಚ್ಚಿ, ನಡುವೆ ಎಲ್ಲೂ ನಿಲ್ಲಿಸದೆ ಚಿತ್ರೀಕರಿಸಬೇಕು. ಅವರ ತಂದೆ ಮುರಿಗೆಪ್ಪ ದಾವಣಗೆರೆಯಲ್ಲಿ ಮೇಷ್ಟರಾಗಿದ್ದವರು. ದಿನವೂ ಹಣೆ ತುಂಬ ವಿಭೂತಿ ಧರಿಸುವವರು. "ನಮ್ಮ ಹಣೆಯಿಂದ ಒಂದು ಕಣ ಉದುರಿದ್ರೂ ಆ ಕಂಪನಿಯೋರು ಬಿಡ್ತಾರಾ? ಒರೆಸ್ಕೊಳ್ಳೋಕೆ ಮನಸ್ಸಾಗ್ಲಿಲ್ಲ. ಅದಕ್ಕೆ ಬಾಲ್ಕನೀಲಿ ಕೂತು ಗಾಜಿನ ಬಾಗಿಲಿಂದ ನೋಡ್ತಿದ್ದೆ," ಎನ್ನುತ್ತಾರೆ ಅವರು. ನಾಲ್ಕು ಭಾನುವಾರ ಆ ಹಿರಿಯರು ತಮ್ಮದೇ ಮನೆಯ ಹೊರಗೆ ಕಾಫಿ ಲೋಟ ಹಿಡಿದು ಕೂತಿದ್ದರು.

ಮೊದಲ ಭಾನುವಾರ ನಾಲ್ಕನೇ ಡೇರೆಯಲ್ಲಿ ಚೆಂಡು ಕೈಬಿಟ್ಟಿತು. ಎರಡನೇ ಭಾನುವಾರ ಆರನೇ ಡೇರೆಯ ಬಾಗಿಲಲ್ಲಿ ಕರೆಂಟು ಹೋಗಿ ಅಪಾರ್ಟ್‌ಮೆಂಟಿನ ಜನರೇಟರ್ ಶುರುವಾಯಿತು, ಆ ಕಣ್ಣುಮಿಟುಕಿನಲ್ಲಿ ಆಟ ಅಳಿಸಿಹೋಯಿತು. ಮೂರನೆಯದಕ್ಕೆ ಮಣಿಕಟ್ಟು ಏಳಲಿಲ್ಲ. ನಿವೇದಿತಾ ಬಿಸಿನೀರಿನ ಚೀಲ ಇಟ್ಟು, ಊಟ ಹಾಕಿ ಕಳಿಸಿದರು. ನಾಲ್ಕನೇ ಭಾನುವಾರ, ಐವತ್ತೆರಡು ನಿಮಿಷದ ಆಟದ ಕೊನೆಗೆ, ಕಹಳೆ ಮೊಳಗಿತು. ತೆರೆ ಸರಿಯಿತು. ಬ್ರೂಕ್‌ಫೀಲ್ಡ್‌ನ ಆ ಮನೆಯಲ್ಲಿ ಸಾವಿರಾರು ಜನರ ಚಪ್ಪಾಳೆ ತುಂಬಿತು. ಕಣದಲ್ಲಿ ಯಾರೂ ಇರಲಿಲ್ಲ.

"ಖಾಲಿ ಇದ್ದಿದ್ದಕ್ಕೆ ಕುಣಿದಾಡಿದೋರು ಪ್ರಪಂಚದಲ್ಲಿ ನಾವೇ ಇರ್ಬೇಕು," ಎಂದು ನಿವೇದಿತಾ ನಗುತ್ತಾರೆ.

ವಿಡಿಯೊ ಹೋದ ಮೂರು ವಾರಕ್ಕೆ ಕಂಪನಿಯ ಪತ್ರ ಬಂತು. ಈ ಸಲ ಚಿಕ್ಕದು. ಪುಡಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಏಳನೇ ಡೇರೆಯನ್ನು ನಾವು ಇನ್ನೂ ಬರೆದಿಲ್ಲ. ಮೇ ತಿಂಗಳೊಳಗೆ ಬರೆದು ಎಲ್ಲರಿಗೂ ಕಳಿಸುತ್ತೇವೆ. ಶ್ರೀಧರ್ ಅದನ್ನು ಕನ್ನಡದಲ್ಲಿ ಓದಿ ಹೇಳಿದರು. ದಾನೇಶ್ವರಿ ಎರಡನೇ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು.

"ಈಬತ್ತಿ ತಪ್ಪು ನಂದ ಐತ್ರಿ. ಅದನ್ನ ಇಲ್ಲನ್ನಂಗಿಲ್ಲ. ಖಾಲಿ ಡೇರೆ ಅವರದು," ಎಂದಷ್ಟೇ ಹೇಳಿ ಬೆಸುಗೆ ಕಡ್ಡಿ ಎತ್ತಿಕೊಂಡರಂತೆ.

ಕಂಪನಿಯವರ ಮೇಲೆ ಸಿಟ್ಟಿಲ್ಲವೇ ಎಂದು ಕೇಳುತ್ತೇನೆ. ನನಗಂತೂ ಇದೆ. ದಾನೇಶ್ವರಿ ಗಾರ್ಮೆಂಟ್ಸ್‌ನ ಹಳೆಯದೊಂದನ್ನು ಹೇಳುತ್ತಾರೆ. "ಒಮ್ಮಿ ನಾಕನೂರು ಅಂಗಿಗೆ ಕಡೀ ಗುಂಡಿ ಹಚ್ಚಿದ್ದಿಲ್ರಿ. ಹೊರಗ ಕಂಟೇನರ್ ನಿಂತೈತಿ. ಸೂಪರ್‌ವೈಸರ್ ಬಂದು ಪಾಸ್ ಮಾಡವಾ ಅಂದ. ನಾ ಮಾಡಿದೆ. ಆ ಅಂಗಿ ಯಾರ್ ತೊಟ್ಟರೋ, ಕನ್ನಡಿ ಮುಂದ ನಿಂತು ಏನಂದರೋ. ಈ ಆಟ ಬರೀಯೋರಿಗೂ ಯಾರೋ ಹಂಗ ಅಂದಿರಬೇಕು. ಪಾಪ, ಅವರಿಗೂ ಮುಗಸೋ ಆಸೆ ಇರ್ತೈತಲ್ರಿ." ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡುವುದಿಲ್ಲ.

ಅಪ್‌ಡೇಟ್ ಮೇ ಕೊನೆಯ ವಾರ ಬರುತ್ತದೆ. ಶ್ರೀಧರ್ ರಾತ್ರಿಯೇ ಫೋನ್ ಮಾಡಿ ಕರೆದಿದ್ದಾರೆ. ಬೆಳಗ್ಗೆ ನಾನು ಹೋಗುವ ಹೊತ್ತಿಗೆ ಪೆನ್‌ಡ್ರೈವ್ ಹಾಕಿ ಆಗಿದೆ. ತಾಸು ಮಳೆ ಹೊಯ್ದು ನಿಂತಿದೆ, ತಗಡಿನಿಂದ ಹನಿ ಬೀಳುತ್ತಿವೆ. ದಾನೇಶ್ವರಿ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಶುರುಮಾಡುತ್ತಾರೆ. ಎರಡನೇ ಡೇರೆಯ ಕುದುರೆ ಈಗ ನಿಜವಾಗಿ ಓಡುತ್ತದೆ. ಮೂರನೆಯದರಲ್ಲಿ ಆನೆ ಬಂದಿದೆ, ಬೂದು ಬಣ್ಣದ ಮುದ್ದು ಆನೆ. ನಾಲ್ಕನೆಯದರ ಹಾಡು ಇನ್ನೂ ಅರ್ಧಕ್ಕೇ ನಿಲ್ಲುತ್ತದೆ. "ಬರ್ಕೋರಿ ಸರ," ಎನ್ನುತ್ತಾರೆ, ಕಣ್ಣು ಚೆಂಡಿನ ಮೇಲೆಯೇ ಇದೆ. ಶ್ರೀಧರ್ ಬರೆದುಕೊಳ್ಳುತ್ತಾರೆ. ಐದು. ಆರು. ಒಂದು ಆಟಕ್ಕೆ ಮೂರೇ ಚೆಂಡು, ಮೊದಲೆರಡು ಹೋಗಿವೆ. ಇದು ಕೊನೆಯದು.

ಕಹಳೆ ಮೊಳಗುತ್ತದೆ. ತೆರೆ ಸರಿಯುತ್ತದೆ. ಚಪ್ಪಾಳೆ ಏಳುವುದಿಲ್ಲ, ಡೇರೆಯೆಲ್ಲ ನಿಶ್ಶಬ್ದ. ಮೇಲೆ, ಎಲ್ಲೋ ಬಹಳ ಎತ್ತರದಲ್ಲಿ, ಒಂದು ದೀಪ ಹೊತ್ತಿಕೊಳ್ಳುತ್ತದೆ. ಒಂದು ಹಗ್ಗ. ಹಗ್ಗದ ತುದಿಯಲ್ಲಿ ಹಳದಿ ಕೊಡೆ ಹಿಡಿದ ಹೆಂಗಸು. ಅವಳು ಒಂದು ಹೆಜ್ಜೆ ಇಡುತ್ತಾಳೆ, ಇನ್ನೊಂದು ದೀಪ ಹೊತ್ತುತ್ತದೆ. ಇನ್ನೊಂದು ಹೆಜ್ಜೆ, ಇನ್ನೊಂದು ದೀಪ. ಗಾಜಿನ ಕೆಳಗಿನ ಬಲ್ಬುಗಳೂ ಅವಳ ಹೆಜ್ಜೆಗೆ ಒಂದೊಂದಾಗಿ ಅರಳುತ್ತ, ಬೆಳಕು ದಾನೇಶ್ವರಿಯ ಕೆನ್ನೆಯವರೆಗೆ ಬರುತ್ತದೆ. ಈಗ ಈ ಡೇರೆಯಲ್ಲಿ ಯಂತ್ರ ಮೊದಲಿನಂತೆ ಚೆಂಡನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹಗ್ಗದವಳು ನಡೆಯುತ್ತಿರುವಾಗ ಕೆಳಗೆ ಚೆಂಡೂ ಓಡುತ್ತಲೇ ಇರುತ್ತದೆ, ಆಡುತ್ತಲೇ ಇರಬೇಕು.

"ಅಕ್ಕಾ, ಬಾಲು! ಬಾಲು!" ಶ್ರೀಧರ್ ಕೂಗುತ್ತಾರೆ.

ದಾನೇಶ್ವರಿಯ ಎರಡೂ ಕೈ ಗುಂಡಿಗಳಿಂದ ಜಾರಿವೆ. ಐದು ವರ್ಷದಲ್ಲಿ ಚೆಂಡು ಓಡುತ್ತಿರುವಾಗ ಅವರು ಚಿತ್ರದ ಕಡೆ ಹೀಗೆ ತಲೆ ಎತ್ತಿ ನಿಂತದ್ದಿಲ್ಲವಂತೆ. ಇದನ್ನು ಶ್ರೀಧರ್ ಆಮೇಲೆ ಹೇಳಿದರು. ಚೆಂಡು ಇಳಿಜಾರಿನಲ್ಲಿ ಸುಮ್ಮನೆ ಉರುಳಿ ಬಂದು, ಎರಡು ಫ್ಲಿಪ್ಪರ್‌ಗಳ ನಡುವೆ ಹಾದು, ತೂತಿಗೆ ಬೀಳುತ್ತದೆ. ಪರದೆಯ ಮೇಲೆ ಕೊಡೆಯವಳು ಹಗ್ಗದ ನಡುವೆ ಒಂದು ಕ್ಷಣ ನಿಂತು, ಮೆಲ್ಲಗೆ ಮಸುಕಾಗುತ್ತಾಳೆ. ಆಟ ಮುಗಿಯಿತು ಎಂಬ ಅಕ್ಷರ ಬರುತ್ತದೆ.

"ಏನ್ ಅಕ್ಕಾ, ಬಿಟ್ಬಿಟ್ರಲ್ಲ!"

ದಾನೇಶ್ವರಿ ಇನ್ನೂ ಅಲ್ಲೇ ನೋಡುತ್ತಿದ್ದಾರೆ. ಕಣ್ಣು ಒದ್ದೆಯಾಗಿದೆ, ಒರೆಸಿಕೊಳ್ಳುವ ಆತುರವಿಲ್ಲ.

"ಇರ್ಲಿ ಬಿಡ್ರಿ ಸರ," ಎನ್ನುತ್ತಾರೆ. "ಬರದಾರ್ರಿ. ಚಂದ ಬರದಾರ."